ವರ್ಗಮೂಲದ ಮೇಲೊಂದು ತಗಡು

ನನ್ನ ಕೀಬೋರ್ಡಿನ ಮೇಲೆ ಈಗ ಹೆಚ್ಚು ಅಕ್ಷರಗಳು ಉಳಿದಿಲ್ಲ. ಎ ಅಳಿಸಿಹೋಗಿ ವರ್ಷಗಳಾದವು. ಇ ಇದ್ದ ಜಾಗ ಬೋಳುತಲೆಯ ಹಾಗೆ ಮಿರುಗುತ್ತದೆ. ಸಮಚಿಹ್ನೆಯ ಕೀಲಿಯಂತೂ ನಡುವೆ ತಗ್ಗುಬಿದ್ದಿದೆ. ಮೊನ್ನೆ ಅಂಗಡಿಯ ಧೂಳು ಹೊಡೆಯುವಾಗ ಅದನ್ನು ಮಗುಚಿಹಾಕಿ ಕೊಡವಿದೆ. ಚಿವಡಾದ ಚೂರು, ಪೆನ್ಸಿಲ್ಲಿನ ಸಿಪ್ಪೆ, ಹೋದ ದೀಪಾವಳಿಗೆ ಕಳೆದುಹೋಗಿದೆ ಎಂದು ಮನೆಯೆಲ್ಲ ಹುಡುಕಿದ ಕಿವಿಯೋಲೆಯ ತಿರುಪು, ಎಲ್ಲ ಉದುರಿದವು. ಮತ್ತೆ ನೆಟ್ಟಗಿಟ್ಟು ಒರೆಸುತ್ತಿರುವಾಗ ಬಲಮೂಲೆಯ ಒಂದು ಕೀಲಿ ಕಣ್ಣಿಗೆ ಬಿತ್ತು. ಬಲಕ್ಕೆ ಮುಖ ಮಾಡಿದ ಬಾಣದ ಕೀಲಿ. ಊರೆಲ್ಲ ಸವೆದರೂ ತಾನು ಮಾತ್ರ ಸವೆಯದೆ, ಕೊಂಡ ದಿನ ಇದ್ದಂತೆಯೇ ಕಪ್ಪಗೆ ಹೊಳೆಯುತ್ತಾ ಕೂತಿತ್ತು. ಇದು ನನ್ನ ಮೂರನೆಯ ಕೀಬೋರ್ಡು. ಹಿಂದಿನ ಎರಡರಲ್ಲೂ ಆ ಕೀಲಿ ಹೀಗೆಯೇ ಇದ್ದಿರಬೇಕು. ನಾನು ನೋಡಿರಲಿಲ್ಲ, ಅಷ್ಟೆ.

ನನ್ನ ಇಪ್ಪತ್ತೆರಡು ವರ್ಷದ ದಂಧೆಯ ಪಾಪವೆಲ್ಲ ಆ ಹೊಸ ಕೀಲಿಯಲ್ಲಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಪುಣೆಯ ಸದಾಶಿವ ಪೇಠದಲ್ಲಿ ಒಂದು ಹಳೆಯ ವಾಡೆಯ ಮೆಟ್ಟಿಲ ಕೆಳಗಿನ ಜಾಗದಲ್ಲಿ ನನ್ನ ಟೈಪಿಂಗ್ ಅಂಗಡಿ. ಎತ್ತರದ ಗಿರಾಕಿಗಳು ಬಗ್ಗಿಕೊಂಡೇ ಒಳಗೆ ಬರಬೇಕು. ಹಾಗಾಗಿ ಎಂಥ ದೊಡ್ಡ ಪ್ರೊಫೆಸರರೂ ನನಗೆ ಮೊದಲು ನಮಸ್ಕಾರ ಮಾಡಿದಂತೆಯೇ ಕಾಣುತ್ತಾರೆ. ಸುತ್ತಮುತ್ತ ಕೋಚಿಂಗ್ ಕ್ಲಾಸುಗಳು. ಅವರ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡುವುದು ನನ್ನ ಕೆಲಸ, ಅದರಲ್ಲೂ ಗಣಿತದ್ದು. ವರ್ಗಮೂಲ, ಇಂಟಿಗ್ರಲ್, ಸಿಗ್ಮಾ ಬಂದರೆ ಪೇಠೆಯ ಬೇರೆ ಟೈಪಿಂಗ್‌ನವರು ಕೈಮುಗಿದು, "ಕಾಕೂ ಕಡೆ ಹೋಗಿ" ಎಂದು ಕಳಿಸಿಬಿಡುತ್ತಾರೆ. ಕಾಕೂ ಎಂದರೆ ನಾನೇ, ಮಹಾದೇವಿ. ಮರಾಠಿಯಲ್ಲಿ ಕಾಕೂ ಎಂದರೆ ಚಿಕ್ಕಮ್ಮ. ನನಗಿಂತ ಹತ್ತು ವರ್ಷ ದೊಡ್ಡವರೂ ಹಾಗೆಯೇ ಕರೆಯುತ್ತಾರೆ, ಮತ್ತು ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ.

ಇನ್ನು ನನ್ನ ಗಣಿತದ ಯೋಗ್ಯತೆ. ಹತ್ತನೆಯಲ್ಲಿ ಮೂವತ್ತೈದು. ಆ ಮೂವತ್ತೈದೂ ಪರೀಕ್ಷಕರ ಮನೆಯಲ್ಲಿ ಏನೋ ಶುಭಕಾರ್ಯ ಇದ್ದದ್ದರಿಂದ ಬಂತು ಎನ್ನುವುದು ನನ್ನ ಅಣ್ಣಂದಿರ ವಾದ. ಆಮೇಲೆ ಗಣಿತಕ್ಕೂ ನನಗೂ ಮಾತುಕತೆ ನಿಂತುಹೋಯಿತು. ಹೀಗಿದ್ದೂ ಸಾವಿರಾರು ಇಂಟಿಗ್ರಲ್‌ಗಳು ನನ್ನ ಬೆರಳಿನ ಕೆಳಗಿಂದ ಹಾದುಹೋಗಿವೆ. ಅವು ಎಲ್ಲಿಂದ ಬಂದವು, ಎಲ್ಲಿಗೆ ಹೊರಟಿವೆ ಎಂದು ನಾನು ಕೇಳಿಲ್ಲ. ಅವೂ ಹೇಳಿಲ್ಲ.

ಗುರುತಿಗೆ ಮಾತ್ರ ನನ್ನದೇ ಹೆಸರುಗಳಿವೆ. ಪೈ ಎಂದರೆ ಸ್ಟೂಲು. ಥೀಟಾ ಎಂದರೆ ಉಡದಾರ ಕಟ್ಟಿದ ಸೊನ್ನೆ. ಅನಂತ ಎಂದರೆ ಮಧ್ಯಾಹ್ನ ಉಂಡು ಅಡ್ಡಾದ ಎಂಟು. ಇಂಟಿಗ್ರಲ್ ಎಂದರೆ ಬಾಳೆಗೊನೆ ತೂಗುಹಾಕುವ ಕೊಕ್ಕೆ. ವರ್ಗಮೂಲಕ್ಕೆ ತಗಡು ಎನ್ನುತ್ತೇನೆ, ಏಕೆಂದರೆ ನಾವು ಚಿಕ್ಕವರಿದ್ದಾಗ ಇದ್ದ ಮನೆ ಥೇಟ್ ಹಾಗೆಯೇ ಇತ್ತು: ಒಂದು ಕಡೆ ಸೊಟ್ಟಗೆ ನಿಂತ ಕಂಬ, ಅದರ ತಲೆಯಿಂದ ಹೊರಟ ಒಂದು ತಗಡು, ಕೆಳಗೆ ನಾವೆಲ್ಲ.

ನಮ್ಮಪ್ಪ ಯಾದಗಿರಿ ಕಡೆಯ ಗೌಂಡಿ. ನಾನು ಮೂರು ವರ್ಷದವಳಿದ್ದಾಗ ಕಟ್ಟಡದ ಕೆಲಸಕ್ಕೆಂದು ಎಲ್ಲರನ್ನೂ ಕಟ್ಟಿಕೊಂಡು ಪುಣೆಗೆ ಬಂದ. ಮನೆಯಲ್ಲಿ ಕನ್ನಡ, ಏಳನೆಯವರೆಗೆ ಕನ್ನಡ ಶಾಲೆ, ಹೊಸ್ತಿಲು ದಾಟಿದರೆ ಮರಾಠಿ. ಈಗ ಅಪ್ಪನಿಗೆ ಎಂಬತ್ತರ ಹತ್ತಿರ. ಹಗಲೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಮೇಲಿನ ಮೆಟ್ಟಿಲುಗಳನ್ನು ಕಟ್ಟಿದವನನ್ನು ಬೈಯುತ್ತಿರುತ್ತಾನೆ. ಆ ಗೌಂಡಿ ಸತ್ತು ನೂರು ವರ್ಷವಾದರೂ ಆಗಿರಬೇಕು.

ನಾನು ಟೈಪಿಂಗ್ ಕಲಿತದ್ದು ಹಳೆಯ ಮಶೀನಿನ ಮೇಲೆ. ಅದರಲ್ಲಿ ಗಣಿತ ಎನ್ನುವ ವಸ್ತು ಲೋಕದಲ್ಲಿದೆ ಎಂಬ ಸುಳಿವೇ ಇರಲಿಲ್ಲ. ಭಾಗಾಕಾರದ ಚಿಹ್ನೆ ಬೇಕಾದರೆ ಅಡ್ಡಗೆರೆ ಹೊಡೆದು, ಒಂದು ಹೆಜ್ಜೆ ಹಿಂದೆ ಬಂದು, ಅದರ ಮೇಲೆಯೇ ಎರಡು ಚುಕ್ಕಿ ಕೂರಿಸಬೇಕು. ಉಳಿದದ್ದಕ್ಕೆಲ್ಲ ಜಾಗ ಖಾಲಿ ಬಿಟ್ಟು, ಹಾಳೆ ಹೊರತೆಗೆದ ಮೇಲೆ ಕಪ್ಪು ಪೆನ್ನಿನಿಂದ ಕೈಯಲ್ಲೇ ಬರೆಯುವುದು ಪದ್ಧತಿ. ಒಮ್ಮೆ ಒಂದು ಕ್ಲಾಸಿನ ಪೇಪರಿಗೆ ಚಿಹ್ನೆ ತುಂಬುವುದನ್ನೇ ಮರೆತು ಕಳಿಸಿಬಿಟ್ಟೆ. ಐದು, ಖಾಲಿ ಜಾಗ, ಮೂರು. ಎಕ್ಸು, ಖಾಲಿ ಜಾಗ, ವೈ. ಹುಡುಗರು ತಮಗೆ ಯಾವುದು ಸುಲಭವೋ ಆ ಚಿಹ್ನೆ ತುಂಬಿಕೊಂಡು ಬಿಡಿಸಿ, ಎಲ್ಲರೂ ಪಾಸಾದರಂತೆ. ಆ ವರ್ಷ ಆ ಕ್ಲಾಸಿಗೆ ಸೇರಿದವರ ಸಂಖ್ಯೆ ಹೆಚ್ಚಾಯಿತು ಎಂದು ಕೇಳಿದ್ದೇನೆ.

ಆಮೇಲೆ ಕಂಪ್ಯೂಟರ್ ಬಂತು, ವರ್ಡು ಬಂತು. ಚಿಹ್ನೆಗಳೆಲ್ಲ ಸಿಕ್ಕವು, ನೆಮ್ಮದಿ ಹೋಯಿತು. ಈ ವರ್ಡಿಗೆ ತಾನು ನನಗಿಂತ ಬುದ್ಧಿವಂತ ಎಂಬ ಭ್ರಮೆ. ಎಫ್ ಪಕ್ಕದಲ್ಲಿ ಕಂಸ ಹಾಕಿ ಸಿ ಎಂದು ಹೊಡೆದರೆ, ಅದು ಕಂಸ ತೆಗೆದುಹಾಕಿ ಸಿ ಸುತ್ತ ಒಂದು ಉಂಗುರ ತೊಡಿಸುತ್ತದೆ. ಪುಸ್ತಕದ ಮೊದಲ ಪುಟದಲ್ಲಿ, ಹಕ್ಕುಗಳೆಲ್ಲ ನಮ್ಮವು ಎಂದು ಹೆದರಿಸಲು ಹಾಕುತ್ತಾರಲ್ಲ, ಆ ಚಿಹ್ನೆ. ಒಂದು ಪೇಪರಿನಲ್ಲಿ ಹನ್ನೊಂದು ಕಡೆ ಹಾಗಾಗಿ, ತಮ್ಮ ಮೇಷ್ಟ್ರು ಕ್ಯಾಲ್ಕ್ಯುಲಸ್ಸನ್ನೇ ಖರೀದಿ ಮಾಡಿದ್ದಾರೆ ಎಂದು ಹುಡುಗರು ತಿಳಿದರು. ಇನ್ನೊಮ್ಮೆ ಒಬ್ಬ ಲೆಕ್ಚರರು ಅಕ್ಷರ ಚೆಂದ ಕಾಣಲಿ ಎಂದು ನನ್ನ ಫೈಲನ್ನೆಲ್ಲ ಒಂದೇ ಏಟಿಗೆ ಬೇರೆ ಫಾಂಟಿಗೆ ಬದಲಾಯಿಸಿದರು. ನಲವತ್ತು ಪುಟದಲ್ಲಿದ್ದ ಸ್ಟೂಲುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಇಂಗ್ಲಿಷಿನ ಪಿ ನಿಂತಿತ್ತು. ಅವರೇ ಮಾಡಿದ ಕೆಲಸ, ಬೈಸಿಕೊಂಡವಳು ನಾನು. ಅವತ್ತೇ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದೆ. "ಇಲ್ಲಿ ಗಣಿತವನ್ನು ತಪ್ಪಿಲ್ಲದೆ ಟೈಪ್ ಮಾಡಲಾಗುತ್ತದೆ. ಮನೆಗೆ ಒಯ್ದ ಮೇಲೆ ಕೆಟ್ಟರೆ ಅದು ನಿಮ್ಮ ಕೈಗುಣ." ಮರಾಠಿಯಲ್ಲಿ ಇದು ಇನ್ನೂ ಖಾರವಾಗಿದೆ. ನಮ್ಮ ಪೇಠೆಯಲ್ಲಿ ಇಂಥ ಬೋರ್ಡು ಇಲ್ಲದ ಅಂಗಡಿಯನ್ನು ಯಾರೂ ನಂಬುವುದಿಲ್ಲ.

ಆ ಬೋರ್ಡಿನ ಮೊದಲ ಸಾಲನ್ನು ನಾನು ಮನಸಾರೆ ನಂಬಿದ್ದೆ. ಅದಕ್ಕೆ ಕಾರಣ ಕಟಗೇರಿ ಸರ್.

ಕಟಗೇರಿ ಸರ್ ವಿಜಯಪುರದ ಕಡೆಯವರು. ನನ್ನ ಎದುರಿನ ಕ್ಲಾಸಿನಲ್ಲಿ ನಲವತ್ತು ವರ್ಷ ಗಣಿತ ಹೇಳಿ, ಈಗ ಪಾಠ ಬಿಟ್ಟು ವಾರದ ಟೆಸ್ಟಿನ ಪೇಪರುಗಳನ್ನು ಮಾತ್ರ ತೆಗೆಯುತ್ತಾರೆ. ಅವರ ಅಕ್ಷರವನ್ನು ದೇವರೂ ಓದಲಾರ. ನನಗೇ ಪಳಗಲು ಮೂರು ವರ್ಷ ಬೇಕಾಯಿತು. ಇಪ್ಪತ್ತೆರಡು ವರ್ಷದಿಂದ ಪ್ರತಿ ಸೋಮವಾರ ಬಗ್ಗಿ ಒಳಗೆ ಬಂದು, ಕೈಬರಹದ ಹಾಳೆ ಕೊಟ್ಟು, ಬುಧವಾರ ಬಂದು ಪ್ರೂಫ್ ನೋಡುತ್ತಿದ್ದರು. ನನ್ನ ಹೆಸರುಗಳನ್ನೆಲ್ಲ ಅವರು ಕಲಿತುಕೊಂಡಿದ್ದರು. "ಮಹಾದೇವಿಬಾಯಿ, ಹನ್ನೆರಡನೇದರಾಗ ಕೊಕ್ಕೆ ಭಾಳ ಸಣ್ಣದಾಗ್ಯದ, ಗೊನಿ ತಡ್ಯಾಂಗಿಲ್ಲ ನೋಡ್ರಿ" ಎನ್ನುತ್ತಿದ್ದರು. ಇಷ್ಟು ಬಿಟ್ಟರೆ ದೂರಿಲ್ಲ. ಕೊನೆಗೊಂದು "ಛಲೋ ಆಗ್ಯಾವ" ಎಂದು ಪೆನ್ನು ಜೇಬಿಗೆ ಸಿಕ್ಕಿಸುವರು. ಉತ್ತರಗಳ ಹಾಳೆಯನ್ನು ಮಾತ್ರ ಪ್ರೂಫ್ ನೋಡಿದ ಮೇಲೆಯೇ ಮನೆಗೆ ಹೋಗಿ ಬರೆದು ತರುತ್ತಿದ್ದರು. ವಯಸ್ಸಾದವರು, ಸೋಮಾರಿತನ ಎಂದುಕೊಂಡಿದ್ದೆ.

ಸರ್ ಪೇಪರುಗಳಿಗೆ ಪೇಠೆಯಲ್ಲಿ ಒಂದು ಹೆಸರಿತ್ತು. ಇಪ್ಪತ್ನಾಲ್ಕು ಲೆಕ್ಕ ಸರಳ, ಒಂದು ಲೆಕ್ಕ ಮಾತ್ರ ಕೊಲ್ಲುತ್ತದೆ ಎಂದು ಹುಡುಗರು ಹೇಳುತ್ತಿದ್ದರು. ಅದು ಯಾವುದು, ಎಲ್ಲಿ ಕೂತಿದೆ ಎಂದು ಮೊದಲೇ ತಿಳಿಯುತ್ತಿರಲಿಲ್ಲ. ಕ್ಲಾಸಿನವರು ಆ ಒಂದು ಲೆಕ್ಕದ ಕೀರ್ತಿಯಿಂದಲೇ ಎರಡು ಮಹಡಿ ಏರಿಸಿದ್ದರು.

ಈ ವರ್ಷ ಜೂನಿನಲ್ಲಿ ಆ ಕ್ಲಾಸಿನ ಹೊಸ ಯಜಮಾನ ಅನಿಕೇತ, ಕಟಗೇರಿ ಸರ್ ಜೊತೆಗೆ ಅಂಗಡಿಗೆ ಬಂದ. ಒಳ್ಳೆಯ ಹುಡುಗ, ಸರ್ ಶಿಷ್ಯನೇ. "ಕಾಕೂ, ರಾಗಾವೂ ನಕಾ" ಎಂದು ಶುರು ಮಾಡಿದ. ಸಿಟ್ಟಾಗಬೇಡಿ ಎಂದು ಮೊದಲೇ ಹೇಳುವವರು ಸಿಟ್ಟು ಬರುವ ಸುದ್ದಿಯನ್ನೇ ತಂದಿರುತ್ತಾರೆ. ಅವನ ಮೊಬೈಲಿನಲ್ಲಿ ಒಂದು ಆ್ಯಪ್ ಬಂದಿತ್ತು. ಕೈಬರಹದ ಫೋಟೋ ಹೊಡೆದರೆ ಅದೇ ಓದಿ, ಫಾರ್ಮ್ಯುಲಾಗಳನ್ನೆಲ್ಲ ಟೈಪ್ ಮಾಡಿ ಕೊಡುತ್ತದಂತೆ. ಇನ್ನು ಮುಂದೆ ಪೇಪರುಗಳು ನನ್ನಲ್ಲಿಗೆ ಬರುವುದಿಲ್ಲ ಎನ್ನುವುದು ಮಾತಿನ ಸಾರ. ಸರ್ ನೆಲ ನೋಡುತ್ತಿದ್ದರು.

ನನ್ನ ಅಂಗಡಿ ನಡೆಯುವುದೇ ಆ ಕ್ಲಾಸಿನ ಕೆಲಸದ ಮೇಲೆ. ಆದರೆ ಆ ಕ್ಷಣಕ್ಕೆ ನನ್ನನ್ನು ಚುಚ್ಚಿದ್ದು ಅದಲ್ಲ. ನಾನು ಮೂರು ವರ್ಷ ಪಟ್ಟುಹಿಡಿದು ಕಲಿತ ಅಕ್ಷರವನ್ನು ಒಂದು ಮೊಬೈಲು ನಿಂತ ನಿಲುವಿನಲ್ಲೇ ಓದುತ್ತದೆ ಎಂದರೆ ಹೇಗೆ ತಡೆದುಕೊಳ್ಳಲಿ?

"ಸರ, ನಿಮ್ಮ ಅಕ್ಷರ ಮೊಬೈಲಿಗೆ ತಿಳೀತದೇನ್ರಿ?" ಎಂದೆ. "ಪಂದ್ಯಾ ಹಚ್ಚೂಣು. ಒಂದ ಪೇಪರ್ ಅದೂ ಮಾಡ್ಲಿ, ನಾನೂ ಮಾಡ್ತೀನಿ. ತಪ್ಪ ನೀವ ಹುಡಕ್ರಿ. ನನ್ನ ತಪ್ಪು ಹೆಚ್ಚಾದ್ರ ನಾ ಬಾಯಿ ಮುಚ್ಕೊಂಡ ಸುಮ್ಮನಿರ್ತೀನಿ."

"ಬ್ಯಾಡ್ರಿ ಬಾಯಿ" ಎಂದರು ಸರ್. ಮುಖ ಸಪ್ಪಗಿತ್ತು.

"ಯಾಕ ಬ್ಯಾಡ? ನನ್ನ ಮ್ಯಾಲ ನಂಬಿಕಿಲ್ಲೇನು?"

ಅನಿಕೇತ ಒಪ್ಪಿದ. ಸರ್ ಒಪ್ಪಲೇಬೇಕಾಯಿತು. ಇಪ್ಪತ್ತೈದು ಲೆಕ್ಕದ ಹಾಳೆಗಳನ್ನು ಅನಿಕೇತ ನನ್ನ ಮೇಜಿನ ಮೇಲೆಯೇ ಹರಡಿ ಫೋಟೋ ಹೊಡೆದ. ನಾನು ತರಿಸಿದ ಚಹಾ ಆರುವ ಮೊದಲೇ ಅವನ ಕೆಲಸ ಮುಗಿದಿತ್ತು. ನೋಡಲು ನನ್ನದಕ್ಕಿಂತ ಚೆಂದವೂ ಇತ್ತು. ಈ ಮಾತನ್ನು ಇಲ್ಲಿ ಮಾತ್ರ ಒಪ್ಪುತ್ತೇನೆ, ಪೇಠೆಯಲ್ಲಿ ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ನಾನು ಸಂಜೆಯವರೆಗೆ ಕೂತು, ಒಂದೊಂದು ಸಾಲನ್ನೂ ಎರಡೆರಡು ಸಲ ನೋಡಿ ಮುಗಿಸಿದೆ.

ಮರುದಿನ ಸರ್ ಕೆಂಪು ಪೆನ್ನು ಹಿಡಿದು ಕೂತರು. ಮೊಬೈಲಿನ ಹಾಳೆಗಳಲ್ಲಿ ಒಂದೂ ಗುರುತು ಬೀಳಲಿಲ್ಲ. ಆಮೇಲೆ ನನ್ನವು. ಎರಡನೆಯ ಹಾಳೆಯ ನಡುವೆ ಪೆನ್ನು ಒಂದು ಗಳಿಗೆ ನಿಂತಿತು. ಮತ್ತೆ ಮುಂದೆ ಹೋಯಿತು. "ಎರಡೂ ಸರಿ ಅವ. ತಪ್ಪಿಲ್ಲ" ಎಂದು ಅವಸರದಲ್ಲಿ ಹಾಳೆ ಮಡಚಿದರು. ನಾನು ಉಬ್ಬಿ, ಬೆಂಚಿನ ಮೇಲೆ ತೂಕಡಿಸುತ್ತಿದ್ದ ಅಪ್ಪನನ್ನು ಎಬ್ಬಿಸಿ ಸುದ್ದಿ ಹೇಳಿದೆ. ಅಷ್ಟರಲ್ಲಿ ಅನಿಕೇತ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದವನು, "ಸರ್, ಹದಿನೇಳು" ಎಂದ.

ಹದಿನೇಳನೆಯ ಲೆಕ್ಕ ಬಲು ಸಾದಾ. ಎಕ್ಸಿನ ಮೇಲೆ ವರ್ಗಮೂಲ, ಪಕ್ಕದಲ್ಲಿ ಕೂಡಿಸು ಐದು, ಎಲ್ಲ ಸೇರಿ ಎಂಟು. ಎಕ್ಸು ಎಷ್ಟು? ಸರ್ ಕೈಬರಹದಲ್ಲಿ ತಗಡು ಎಕ್ಸಿನ ಮೇಲಷ್ಟೇ ಇತ್ತು. ಮೊಬೈಲಿನದರಲ್ಲೂ ಹಾಗೆಯೇ. ನನ್ನ ಹಾಳೆಯಲ್ಲಿ ತಗಡು ಎಕ್ಸನ್ನು ದಾಟಿ, ಕೂಡಿಸುವ ಚಿಹ್ನೆಯನ್ನು ದಾಟಿ, ಐದರ ತಲೆಯ ಮೇಲೂ ಚಾಚಿಕೊಂಡಿತ್ತು. ಸರ್ ಪ್ರಕಾರ ಉತ್ತರ ಒಂಬತ್ತು. ನನ್ನ ತಗಡಿನ ಕೆಳಗೆ ಅದು ಐವತ್ತೊಂಬತ್ತು.

ಸುಮ್ಮನಿದ್ದರೆ ಒಂದೇ ತಪ್ಪಿನಲ್ಲಿ ಮುಗಿಯುತ್ತಿತ್ತು. ಆದರೆ ಸುಮ್ಮನಿರುವುದು ನಮ್ಮ ಮನೆತನದಲ್ಲೇ ಇಲ್ಲ. "ಇಪ್ಪತ್ತೆರಡು ವರ್ಷದಾಗ ಇದ ಮೊದಲನೇ ತಪ್ಪು" ಎಂದು ಮೂಲೆಯ ಟ್ರಂಕನ್ನು ದರದರ ಎಳೆದು ಅನಿಕೇತನ ಕಾಲ ಬಳಿ ಇಟ್ಟೆ. ಸರ್ ಕೈಬರಹದ ಹಾಳೆಗಳು, ನಾನು ಟೈಪ್ ಮಾಡಿದ ಪ್ರತಿಗಳು, ಉತ್ತರಗಳು, ಎಲ್ಲವನ್ನೂ ವರ್ಷವರ್ಷ ಕಟ್ಟಿ ಇಟ್ಟಿದ್ದೇನೆ. "ಹುಡುಕು, ಇನ್ನೊಂದು ತಪ್ಪು ತೋರಿಸು" ಎಂದು ಮರಾಠಿಯಲ್ಲಿ ಗುಡುಗಿದೆ. "ಬಾಯಿ, ಟ್ರಂಕ್ ಮುಚ್ಚರಿ" ಎಂದು ಸರ್ ಮೆಲ್ಲಗೆ ಹೇಳಿದ್ದು ನನ್ನ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಮೊದಲ ಕಟ್ಟಿನಲ್ಲೇ ಸಿಕ್ಕಿತು. ಎರಡನೆಯದರಲ್ಲಿ ಸಿಕ್ಕಿತು. ಮೂರನೆಯದರಲ್ಲೂ. ಪ್ರತಿ ಪೇಪರಿನಲ್ಲಿ ಎಲ್ಲೋ ಒಂದು ಕಡೆ, ಸರ್ ಗಿಡ್ಡಗೆ ಬಿಟ್ಟ ತಗಡನ್ನು ನಾನು ಕೊನೆಯವರೆಗೆ ಎಳೆದಿದ್ದೆ. ಅದಕ್ಕಿಂತ ವಿಚಿತ್ರವೆಂದರೆ, ಸರ್ ಬರೆದ ಉತ್ತರಗಳು ಅವರ ತಗಡಿಗೆ ಹೊಂದುತ್ತಿರಲಿಲ್ಲ, ನನ್ನ ತಗಡಿಗೆ ಹೊಂದುತ್ತಿದ್ದವು. ಅನಿಕೇತ ಹಾಳೆ ಹಿಡಿದು ಬಾಯಿ ತೆರೆದು ಕೂತ. ತನ್ನ ಕ್ಲಾಸಿಗೆ ಎರಡು ಮಹಡಿ ಏರಿಸಿಕೊಟ್ಟ ಆ ಕೊಲ್ಲುವ ಲೆಕ್ಕವನ್ನು ಹತ್ತನೆಯಲ್ಲಿ ಮೂವತ್ತೈದು ತೆಗೆದ ಹೆಂಗಸು ತೆಗೆಯುತ್ತಿದ್ದಳು ಎಂದು ಅವನಿಗೆ ಆಗ ತಿಳಿಯಿತು. ನನಗೂ ಆಗಲೇ ತಿಳಿದದ್ದು.

"ಸರ, ಏನ್ರಿ ಇದು?" ಎಂದೆ. ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ಇಪ್ಪತ್ತೆರಡ ವರ್ಷ ನಾ ತಪ್ಪ ಮಾಡ್ಕೋತ ಬಂದೀನಿ, ನೀವು ಛಲೋ ಆಗ್ಯಾವ ಛಲೋ ಆಗ್ಯಾವ ಅನ್ಕೋತ ಕುಂತ್ರಿ? ಬಡವರ ಮಗಳು, ಹೋಗ್ಲಿ ಪಾಪ ಅಂತ ಬಿಟ್ರೇನು?"

"ಪಾಪ ಅಂತಲ್ಲರಿ."

"ಮತ್ತೇನು?"

"ಮೊದಲನೇ ಸಲ ಸಿಟ್ಟಽ ಬಂದಿತ್ತು" ಎಂದರು. "ತಿದ್ದಬೇಕಂತ ಕೆಂಪು ಪೆನ್ ತಗದೆ. ಹಂಗಽ ಸುಮ್ಮನ, ಈ ಉದ್ದನ್ನ ತಗಡ ಹಾಕಿದ್ದನ್ನ ಬಿಡಿಸಿದ್ರ ಏನ ಬರ್ತದ ನೋಡೂಣು ಅಂತ ಮನಿಗೆ ಒಯ್ದೆ. ಎರಡು ದಿನ ಹಿಡೀತು ಬಾಯಿ. ಎರಡು ದಿನ ನನಗ ಊಟದ ಖಬರ ಇರಲಿಲ್ಲ. ನೀವಽ ವಿಚಾರ ಮಾಡ್ರಿ. ನಲವತ್ತು ವರ್ಷ ಅವೇ ಲೆಕ್ಕ. ಪ್ರಶ್ನಿ ಬರಿಯೂದ್ರಾಗ ಉತ್ತರ ಬಂದು ಬಾಗಲದಾಗ ನಿಂತಿರ್ತದ. ನನಗ ಗೊತ್ತಿರಲಾರದ ಲೆಕ್ಕ ಯಾರ್ ಕೊಡಬೇಕು? ನೀವೊಬ್ರ ಕೊಡ್ತಿದ್ರಿ. ಬುಧವಾರ ಬಂದ್ರ ಈ ಸಲ ತಗಡ ಎಲ್ಲಿಗೆ ಹೋಗ್ಯದೋ ಅಂತ ಓಡಿ ಬರ್ತಿದ್ದೆ."

ಇದು ಹೊಗಳಿಕೆ ಎಂದು ಈಗ ಅನ್ನಿಸುತ್ತದೆ. ಅವತ್ತು ಮಾತ್ರ ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತ್ತು. ನನ್ನ ಜೀವನದಲ್ಲಿ ತಪ್ಪಿಲ್ಲದ್ದು ಅಂತ ಇದ್ದದ್ದು ಆ ಒಂದೇ ಕೆಲಸ. "ಇನ್ನ ನನ್ನ ಅಂಗಡಿಗೆ ಬರಬ್ಯಾಡ್ರಿ ಸರ" ಎಂದುಬಿಟ್ಟೆ. ಹಾಗೆ ಅನ್ನಬಾರದಿತ್ತು. ಸರ್ ಬಗ್ಗಿ ಹೊರಗೆ ಹೋದರು. ಪಂದ್ಯದಂತೆ ಪೇಪರುಗಳು ಮೊಬೈಲಿಗೆ ಹೋದವು. ನಾನು ಬ್ಲೇಡು ಹಿಡಿದು ಬೋರ್ಡಿನ ಮೊದಲ ಸಾಲನ್ನು ಕೆರೆದು ಹಾಕಿದೆ. ಈಗ ಅಲ್ಲಿ "ಮನೆಗೆ ಒಯ್ದ ಮೇಲೆ ಕೆಟ್ಟರೆ ಅದು ನಿಮ್ಮ ಕೈಗುಣ" ಎಂದಷ್ಟೇ ಉಳಿದಿದೆ, ಹಾದುಹೋಗುವವರು ನಿಂತು ಓದಿ ಗಾಬರಿಯಾಗುತ್ತಾರೆ.

ಕೆಲಸವಿಲ್ಲದೆ ಕೂತಾಗ ತಲೆಗೆ ಬಂದದ್ದು ಒಂದೇ ಪ್ರಶ್ನೆ. ಬೇರೆ ಯಾವ ಚಿಹ್ನೆಯಲ್ಲೂ ತಪ್ಪದ ನನ್ನ ಕೈ ಇದೊಂದರಲ್ಲಿ ಏಕೆ ತಪ್ಪುತ್ತಿತ್ತು? ವರ್ಡಿನಲ್ಲಿ ವರ್ಗಮೂಲ ಆರಿಸಿದರೆ ತಗಡಿನ ಕೆಳಗೊಂದು ಪುಟ್ಟ ಖಾಲಿ ಪೆಟ್ಟಿಗೆ ಬರುತ್ತದೆ. ಅದರೊಳಗೆ ಹೊಡೆಯುತ್ತಾ ಹೋದಷ್ಟೂ ತಗಡು ತಾನೇ ಬೆಳೆಯುತ್ತದೆ. ಸಾಕು ಎನಿಸಿದಾಗ ಬಲಬಾಣದ ಕೀಲಿ ಒತ್ತಿ ಹೊರಗೆ ಬರಬೇಕು. ಹೊರಗೆ ಉಳಿದದ್ದು ಬಹಳ ಇದ್ದರೆ ಮೌಸು ಹಿಡಿದು ಹೇಗೋ ಬರುತ್ತಿದ್ದೆ. ಆದರೆ ತುದಿಯಲ್ಲಿ ಒಂದೇ ಒಂದು ಅಂಕೆ ಉಳಿದಿದ್ದರೆ, ಸರ್ ಅವಸರದಲ್ಲಿ ತಗಡು ಪೂರ್ತಿ ಎಳೆದಿಲ್ಲ ಎಂದುಕೊಂಡು ಅದನ್ನೂ ಒಳಗೆ ಕರೆದುಕೊಳ್ಳುತ್ತಿದ್ದೆ. ಒಂದೇ ಒಂದನ್ನು ಹೊರಗೆ ನಿಲ್ಲಿಸಲು ನನ್ನ ಕೈ ಬರುತ್ತಿರಲಿಲ್ಲ.

ವಿಮಾನ ನಗರದಲ್ಲಿ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ ಸೈಟಿನ ಮೂಲೆಯಲ್ಲಿ ನಮ್ಮ ತಗಡಿನ ಮನೆ. ಅಪ್ಪ, ಅವ್ವ, ಮೂವರು ಅಣ್ಣಂದಿರು, ಕೊನೆಗೆ ನಾನು, ಸಾಲಾಗಿ ಮಲಗುತ್ತಿದ್ದೆವು. ತಗಡು ಐದು ಜನಕ್ಕೆ ಸಾಕಾಗುವಷ್ಟಿತ್ತು, ನಾವು ಆರು. ಮಳೆ ಬಂದರೆ ತುದಿಗಿದ್ದ ನನ್ನ ಎಡಗೈ, ಎಡಗಾಲು ತೋಯುತ್ತಿದ್ದವು. ಅಣ್ಣಂದಿರು ಅದಕ್ಕೂ ನಗುತ್ತಿದ್ದರು. ಒಂದು ಮುಂಜಾನೆ ಅಪ್ಪ ನನ್ನ ಒದ್ದೆ ಲಂಗ ಹಿಂಡಿ ಸೈಟಿಗೆ ಹೋದವನು, ಎರಡು ಮೊಳದ ಒಂದು ತಗಡಿನ ತುಂಡು ಹೊತ್ತು ಬಂದ. ಹಳೆಯ ತಗಡಿಗೆ ಅದನ್ನು ಜೋಡಿಸಿ, ಗಾಳಿಗೆ ಹಾರದಂತೆ ಮೇಲೆ ಕಲ್ಲಿಟ್ಟ. ಆ ವರ್ಷ ಲೋಣಾವಳಾ ಕಡೆಯ ಮಳೆಯೆಲ್ಲ ನಮ್ಮ ಮೇಲೇ ಬಿತ್ತೆಂದು ಅವ್ವ ಹೇಳುತ್ತಿದ್ದಳು. ನಾನು ತೋಯಲಿಲ್ಲ. ನಮ್ಮಪ್ಪನ ಬಗ್ಗೆ ನನಗೆ ಇವತ್ತಿಗೂ ಎಷ್ಟು ಪ್ರೀತಿಯಿದೆಯೋ ಅದರಲ್ಲಿ ಹೆಚ್ಚಿನ ಪಾಲು ಆ ಎರಡು ಮೊಳ ತಗಡಿನದು.

ಇಷ್ಟು ಹೊಳೆದ ಮೇಲೆ ಸರ್ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದರೆ ಬರಬೇಡಿ ಎಂದವಳು ನಾನೇ ಹೋಗಿ ಕರೆಯುವುದೆಂದರೆ ಪೇಠೆಯ ನೀರು ಕುಡಿದವರಿಗೆ ಆಗದ ಕೆಲಸ. ಬುಧವಾರ ಬರುತ್ತಿತ್ತು, ಹೋಗುತ್ತಿತ್ತು. ನನ್ನ ಕಣ್ಣು ಬಾಗಿಲ ಕಡೆಗೇ.

ನಾಲ್ಕನೆಯ ಬುಧವಾರ ಸರ್ ಬಗ್ಗಿ ಒಳಗೆ ಬಂದರು. ಕೈಯಲ್ಲಿ ಒಂದೇ ಹಾಳೆ, ಅದರಲ್ಲಿ ಒಂದೇ ಸಾಲು.

"ಇದು ಕ್ಲಾಸಿಂದಲ್ಲ ಬಾಯಿ. ನಂದು."

ನೋಡಿದೆ. ಮೊದಲು ಕೊಕ್ಕೆ. ಆಮೇಲೆ ತಗಡು, ಅದರ ಕೆಳಗೆ ಎಕ್ಸು. ಪಕ್ಕದಲ್ಲಿ ಕೂಡಿಸು, ಎಕ್ಸಿನ ಮೂರನೆಯ ಘಾತ. ತಗಡು ಎಕ್ಸಿಗೇ ನಿಂತಿತ್ತು.

"ತಗಡ ಎಲ್ಲೀತನಕ ಹಾಕಲ್ರಿ ಸರ?"

"ನಿಮ್ಮ ಕೈಗೆ ಬಂದಂಗ ಹಾಕ್ರಿ" ಎಂದು ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋದರು.

ಕೊಕ್ಕೆ ಹಾಕಿದೆ. ತಗಡು ಹಾಕಿದೆ. ಎಕ್ಸು ಹೊಡೆದೆ. ಅಲ್ಲಿಗೆ ಕೈ ನಿಂತಿತು. ತಿಳಿಯದೆ ಮಾಡುತ್ತಿದ್ದದ್ದನ್ನು ತಿಳಿದು ಮಾಡುವುದು ಹೇಗೆ? ಬಲಬಾಣ ಒತ್ತಿದರೆ ಸರ್‌ಗೆ ಅವರದೇ ಲೆಕ್ಕ ವಾಪಸ್ಸು ಹೋಗುತ್ತದೆ. ಒತ್ತದಿದ್ದರೆ ಅದು ಬೇಕೆಂದೇ ಮಾಡಿದ ನಾಟಕ, ಅವರ ಮೇಲೆ ನಾನು ಪಾಪ ಎಂದಂತೆ. ಪರದೆಯ ಮೇಲೆ ಗೆರೆ ಮಿಟುಕುತ್ತಿತ್ತು. ನಾನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ವರ್ಗಮೂಲದ ಮುಂದೆ ಕೈಕಟ್ಟಿ ಕೂತೆ.

"ಏನ್ ನೋಡ್ಲಾಕತ್ತಿ ಯವ್ವಾ ಅಷ್ಟೊತ್ತಿನಿಂದ?" ಬೆಂಚಿನಿಂದ ಎದ್ದು ಅಪ್ಪ ನನ್ನ ಬೆನ್ನ ಹಿಂದೆ ಬಂದಿದ್ದ. ಸರ್ ಹಾಳೆಯನ್ನು ತೋರಿಸಿದೆ. ಅಪ್ಪನಿಗೆ ಅಕ್ಷರ ಬಾರದು. ಕಣ್ಣು ಕಿರಿದು ಮಾಡಿ, ಗೋಡೆ ನೆಟ್ಟಗಿದೆಯೇ ಎಂದು ನೋಡುವವನ ಹಾಗೆ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಇದು ತಗಡ ಹೌದಿಲ್ಲೋ?"

"ಹೌದಪ್ಪಾ."

"ಮತ್ತ ಆ ತುದೀಗಿ ಒಬ್ಬಾಂವ ಹೊರಗ ನಿಂತಾನಲ್ಲ. ಅವ ತೋಯಂಗಿಲ್ಲೇನು? ಯಾವ ಗೌಂಡಿ ಹಾಕ್ಯಾನ ಇದು? ಒಳಗ ತಗೋ ಅವನ್ನ."

ಒಳಗೆ ತೆಗೆದುಕೊಂಡೆ. ಬಲಬಾಣದ ಕೀಲಿ ಮುಟ್ಟಲಿಲ್ಲ. ತಗಡು ತಾನೇ ಚಾಚಿಕೊಂಡು ಆ ಮೂರನೆಯ ಘಾತದ ತಲೆಯ ಮೇಲೆ ಹೋಗಿ ನಿಂತಿತು. ಸರ್ ಬಂದು ಹಾಳೆ ತೆಗೆದುಕೊಂಡರು. ಕನ್ನಡಕ ಏರಿಸಿ ಒಂದು ಸಲ ನೋಡಿ, ತರಿಸಿದ ಚಹಾವನ್ನೂ ಕುಡಿಯದೆ ಮನೆಗೆ ಹೊರಟುಬಿಟ್ಟರು.

ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಮಧ್ಯಾಹ್ನ ಫೋನು. "ಬಾಯಿ, ಉತ್ತರ ಬರವಲ್ದ್ರಿ" ಎಂದರು. ದನಿಯಲ್ಲಿ ನೋವಿರಲಿಲ್ಲ, ಹಬ್ಬವಿತ್ತು. "ಅರ್ಧಾ ನೋಟ್‌ಬುಕ್ ತುಂಬೇದ. ಆ ಕಡಿಂದ ಹೋದೆ, ಈ ಕಡಿಂದ ಬಂದೆ, ಸಿಗವಲ್ದು. ಸಿಗೂದಽ ಇಲ್ಲೇನೋ ಅಂತ ಕಾಣಸ್ತದ. ಹಂಗಿದ್ರ ಯಾಕ ಸಿಗೂದಿಲ್ಲ ಅಂತ ತೋರಸಬೇಕಾಗ್ತದ. ಅದು ಇನ್ನೊಂದು ತಿಂಗಳ ಕೆಲಸ. ಖರೆ ಹೇಳ್ರಿ, ಈ ಸಲ ತಗಡ ಯಾರ ಹಾಕ್ಯಾರ?"

"ನಮ್ಮಪ್ಪ ಹಾಕ್ಯಾನ್ರಿ ಸರ."

ಫೋನನ್ನು ಕೈಯಲ್ಲೇ ಹಿಡಿದು ಅಪ್ಪನಿಗೆ ಹೇಳಿದೆ, "ಅಪ್ಪಾ, ನೀ ಹಾಕಿದ ತಗಡಿಗೆ ಸರ್ ನೋಟ್‌ಬುಕ್ ತುಂಬಿಸ್ಲಾಕತ್ತಾರ. ಉತ್ತರ ಬರವಲ್ದಂತ."

ಅಪ್ಪ ಮೆಟ್ಟಿಲ ಕಡೆ ನೋಡುತ್ತಿದ್ದವನು ತಲೆ ತಿರುಗಿಸಿದ. ಎಂಬತ್ತರ ಮುಖದಲ್ಲಿ ಗೌಂಡಿಯ ಗತ್ತು ಬಂತು. "ಉತ್ತರ ಗಿತ್ತರ ನನಗ ಗೊತ್ತಿಲ್ಲ. ಸೋರತದೇನು ಕೇಳು."

ಕೇಳಿದೆ. ಆ ಕಡೆ ಹಾಳೆ ಮಗುಚಿದ ಸದ್ದು ಕೇಳಿಸಿತು.

"ಒಂದು ಹನೀನೂ ಇಲ್ಲಂತ ಹೇಳ್ರಿ ಅವರಿಗೆ" ಎಂದರು ಕಟಗೇರಿ ಸರ್.